ಹೆಸರು ಬೇಡ ಅಂದ ಕೌಂಟ್

ರಷ್ಯಾದ ಸಂಯೋಜಕ ಸ್ಟ್ರಾವಿನ್ಸ್ಕಿಯ ‘ಪುಲ್ಚಿನೆಲ್ಲಾ’ ಕೇಳಿದೀರಾ? 1920ರ ಬ್ಯಾಲೆ. ಅದರಲ್ಲಿ ಟರಾಂಟೆಲ್ಲಾ ಅಂತ ಒಂದು ಭಾಗ ಬರುತ್ತೆ, ಉಸಿರಾಡೋಕೂ ಪುರುಸೊತ್ತು ಕೊಡದೆ ಓಡುತ್ತೆ. ಅದರ ಮೂಲ ಇಟಲಿಯ ಸಂಯೋಜಕ ಪೆರ್ಗೊಲೇಸಿಯದು ಅಂತಲೇ ಆಗ ಎಲ್ಲರೂ ನಂಬಿದ್ದರು. ಅಲ್ಲ. ಅದು ಒಬ್ಬ ಡಚ್ ಕೌಂಟ್ (ಕುಲೀನರ ಬಿರುದು) ಬರೆದದ್ದು: ಉನಿಕೊ ವಿಲ್ಹೆಲ್ಮ್ ಫಾನ್ ವಾಸೆನಾರ್.

1692ರಲ್ಲಿ ಡೆಲ್ಡನ್ ಹತ್ತಿರದ ಟ್ವಿಕಲ್ ಕೋಟೆಯಲ್ಲಿ ಹುಟ್ಟಿದವನು. ಕೆಲಸ ರಾಜತಾಂತ್ರಿಕನದು, ಸಂಗೀತ ಬಿಡುವಿನ ಹುಚ್ಚು. ಆ ಹುಚ್ಚಲ್ಲೇ ‘ಕಾನ್ಚೆರ್ಟಿ ಆರ್ಮೋನಿಚಿ’ ಅನ್ನೋ ಆರು ತಂತಿವಾದ್ಯ ಕೃತಿಗಳನ್ನ ಬರೆದ; ಆ ಟರಾಂಟೆಲ್ಲಾದ ಮೂಲ ಇವುಗಳಲ್ಲೇ ಇದೆ. ಎಂದಿನ ಹಾಗೆ ಎರಡಲ್ಲ, ನಾಲ್ಕು ವಯಲಿನ್! ಜೊತೆಗೆ ವಿಯೋಲಾ, ಚೆಲ್ಲೋ, ಬಾಸ್. ಹೀಗೆ ಏಳು ಎಳೆ ಒಂದರೊಳಗೊಂದು ಹೆಣೆದುಕೊಂಡಾಗ ಆ ನಾದಕ್ಕೆ ಒಂದು ಮಂದ ಬರುತ್ತೆ ನೋಡಿ, ಗಟ್ಟಿ ಮೊಸರಿನ ಹಾಗೆ.

ಗೆಳೆಯ ಬೆಂಟಿಂಕ್ ಒತ್ತಾಯ ಮಾಡಿದ್ದಕ್ಕೆ ಇವು 1740ರಲ್ಲಿ ಹೇಗ್ ನಗರದಲ್ಲಿ ಅಚ್ಚಾದವು. ವಾಸೆನಾರ್ ಹಾಕಿದ ಷರತ್ತು: ನನ್ನ ಹೆಸರು ಎಲ್ಲೂ ಬರಬಾರದು. ಪ್ರಕಟಿಸಿದ್ದು ರಿಚೋಟ್ಟಿ ಅನ್ನೋ ಇಟಲಿಯ ವಯಲಿನ್ ವಾದಕ, ಹಾಗಾಗಿ ಜನ ಅವನದೇ ಅಂದುಕೊಂಡರು. 19ನೇ ಶತಮಾನದಲ್ಲಿ ಅದೇ ಸಂಗೀತ ಪೆರ್ಗೊಲೇಸಿ ಲೆಕ್ಕಕ್ಕೆ ಸೇರಿತು. ಆತ 26ಕ್ಕೇ ತೀರಿಕೊಂಡಿದ್ದ, ಅವನ ಹೆಸರು ಅಂಟಿಸಿದರೆ ಯಾವುದಕ್ಕಾದರೂ ಬೆಲೆ ಬರುತ್ತಿತ್ತು.

ಇದನ್ನ ವಿನಯ ಅಂತ ಹೊಗಳೋರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕೌಂಟ್ ಮನೆತನದವನು ಹಾಡು ಕಟ್ಟಿ ಅಂಗಡಿಗೆ ಕೊಟ್ಟ ಅಂದರೆ ಆ ಕಾಲಕ್ಕೆ ಮರ್ಯಾದೆ ಪ್ರಶ್ನೆ. ಹೆಸರು ಮುಚ್ಚಿಟ್ಟಿದ್ದರಲ್ಲಿ ವಿನಯದಷ್ಟೇ ಅಂತಸ್ತಿನ ಬಿಗುಮಾನವೂ ಇದೆ ಅನ್ನೋದು ನನ್ನ ಗುಮಾನಿ. ಆದರೆ ನನಗೆ ಹೆಚ್ಚು ಸಿಟ್ಟು ಬರೋದು ನಮ್ಮ ಮೇಲೆ, ಅಂದರೆ ಕೇಳುಗರ ಮೇಲೆ. ಪೆರ್ಗೊಲೇಸಿ ಅಂದಾಗ ‘ಆಹಾ’ ಅಂದವರು, ವಾಸೆನಾರ್ ಅಂದಾಗ ‘ಯಾರದು?’ ಅಂತಾರೆ. ಒಂದು ಸ್ವರವೂ ಬದಲಾಗಿಲ್ಲ ಸ್ವಾಮಿ!

ನಿಜ ಹೊರಬಿದ್ದದ್ದು 1980ರ ಹೊತ್ತಿಗೆ. ಸಂಗೀತಶಾಸ್ತ್ರಜ್ಞ ಆಲ್ಬರ್ಟ್ ಡನಿಂಗ್ ಅವರಿಗೆ ಅದೇ ಟ್ವಿಕಲ್ ಕೋಟೆಯಲ್ಲಿ ಹಸ್ತಪ್ರತಿ ಸಿಕ್ಕಿತು, ಜೊತೆಗೆ ವಾಸೆನಾರ್ ಕೈಬರಹದ ಒಂದು ಟಿಪ್ಪಣಿ. ಅದರಲ್ಲಿ ತನ್ನ ಕೃತಿಗಳ ಬಗ್ಗೆ ತಾನೇ ತೀರ್ಪು ಕೊಟ್ಟಿದ್ದಾನೆ: ಕೆಲವು ಪರವಾಗಿಲ್ಲ, ಕೆಲವು ಸಾಧಾರಣ, ಕೆಲವು ತೀರಾ ಕಳಪೆ.

ಆರನ್ನೂ ಎಷ್ಟೋ ಸಲ ಕೇಳಿದ್ದೀನಿ. ಆ ಕಳಪೆ ಯಾವುದು ಅಂತ ನನಗಿನ್ನೂ ಸಿಕ್ಕಿಲ್ಲ.