ಹಾಜರಿ ಪುಸ್ತಕ ಮತ್ತು ವಾಯಿದೆಯ ದಿನ

ಮಾನ್ಯ ಮುಖ್ಯ ಶಿಕ್ಷಕರೇ, ಅಧ್ಯಾಪಕ ಮಿತ್ರರೇ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೇ,

ಕೋಲಾರದ ನ್ಯಾಯಾಲಯಗಳಲ್ಲಿ ವಕೀಲಿ ಮಾಡುವ ನನ್ನನ್ನು ಶಾಲೆಯ ಬಗ್ಗೆ ಮಾತನಾಡಲು ಕರೆದದ್ದು ಮೊದಲಿಗೆ ನನಗೇ ವಿಚಿತ್ರವೆನಿಸಿತು. ಆದರೆ ವಾಯಿದೆಯ ದಿನ, ಅಂದರೆ ಮೊಕದ್ದಮೆಗೆ ಗೊತ್ತುಮಾಡಿದ ದಿನ, ಕೋರ್ಟಿನ ಆವರಣದಲ್ಲಿ, ಅಪ್ಪ ಅಮ್ಮಂದಿರ ಪಕ್ಕ ಸಮವಸ್ತ್ರದಲ್ಲೇ ಕುಳಿತ ಮಕ್ಕಳನ್ನು ಕಂಡಾಗಲೆಲ್ಲ, ಅದೇ ಹೊತ್ತಿಗೆ ನಿಮ್ಮಲ್ಲಿ ಯಾರೋ ಒಬ್ಬರು ಅವರ ಹೆಸರಿನ ಮುಂದೆ ಗೈರುಹಾಜರಿ ಹಾಕುತ್ತಿರುತ್ತೀರಿ ಎಂಬುದು ನೆನಪಾಗುತ್ತದೆ. ಮೊಕದ್ದಮೆಯಿಂದ ವಿದ್ಯಾರ್ಥಿಗೆ ಆಗುವ ನಷ್ಟದ ದೊಡ್ಡ ಪಾಲು ತೀರ್ಪು ಬರುವುದಕ್ಕೆ ಬಹಳ ಮೊದಲೇ, ಶಾಲೆಯ ಹೊಸ್ತಿಲಲ್ಲೇ ಆಗಿಹೋಗಿರುತ್ತದೆ ಎಂಬುದು ನನ್ನ ಅನುಭವ.

ನಮ್ಮ ಜಿಲ್ಲೆಯ ಮಟ್ಟಿಗೆ ಮೊದಲು ನೆನೆಯಬೇಕಾದದ್ದು ಭಾಗದ ದಾವೆಯನ್ನು, ಅಂದರೆ ಆಸ್ತಿ ಹಂಚಿಕೆಯ ಮೊಕದ್ದಮೆಯನ್ನು. ನರಸಾಪುರ, ವೇಮಗಲ್ ಕಡೆ ಕೈಗಾರಿಕೆಗಳು ಬಂದ ಮೇಲೆ ರಾಗಿ, ಟೊಮ್ಯಾಟೊ ಬೆಳೆಯುತ್ತಿದ್ದ ಜಮೀನಿಗೆ ಬೆಲೆ ಬಂತು. ಅಣ್ಣತಮ್ಮಂದಿರ ನಡುವೆ ದಾವೆಯೂ ಬಂತು. ಪಿತ್ರಾರ್ಜಿತ ಆಸ್ತಿಯ ದಾವೆಯಲ್ಲಿ ಅಪ್ರಾಪ್ತ ಮಕ್ಕಳನ್ನೂ ಪಕ್ಷಗಾರರನ್ನಾಗಿ ಸೇರಿಸುವುದುಂಟು. ಏಳನೆಯ ತರಗತಿಯ ಹುಡುಗನೊಬ್ಬ ಅಮೀನ ತಂದುಕೊಟ್ಟ ಸಮನ್ಸಿನಲ್ಲಿ ತಾನೇ ನಾಲ್ಕನೇ ಪ್ರತಿವಾದಿ ಎಂದು ಓದಿಕೊಳ್ಳುತ್ತಾನೆ; ವಾದಿ ಅವನ ದೊಡ್ಡಪ್ಪ, ದೊಡ್ಡಪ್ಪನ ಮಗಳು ಅವನದೇ ತರಗತಿಯವಳು. ಅಂಥ ಹುಡುಗ ಪ್ರತಿ ವಾಯಿದೆಗೂ ಕೋರ್ಟಿಗೆ ಬರಬೇಕಾಗಿಯೇ ಇಲ್ಲ. ಅವನ ಪರವಾಗಿ ಪೋಷಕರು ಬಂದರೆ ಸಾಕು. ಇದನ್ನು ಕಕ್ಷಿದಾರರಿಗೆ ಬಿಡಿಸಿ ಹೇಳದ ತಪ್ಪು ವಕೀಲರಾದ ನಮ್ಮದು.

ಮಗುವೇ ಆರೋಪಕ್ಕೆ ಗುರಿಯಾದರೆ ವಿಷಯ ಇನ್ನೂ ಸೂಕ್ಷ್ಮ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಗಳೊಳಗೆ, ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಗುವಿನ ಗುರುತನ್ನು ಯಾವ ಪತ್ರಿಕೆಯೂ ಪ್ರಕಟಿಸುವಂತಿಲ್ಲ. ಆದರೆ ಪತ್ರಿಕೆ ಮುಚ್ಚಿಟ್ಟ ಹೆಸರನ್ನು ಸ್ಟಾಫ್ ರೂಮು ಮುಚ್ಚಿಡುತ್ತದೆಯೇ? ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ನಿಷೇಧಿಸಿದೆ. ನನ್ನ ಬಳಿಗೆ ಬರುವ ಹುಡುಗರೋ ಹೆಚ್ಚಾಗಿ ಒಂಬತ್ತು, ಹತ್ತನೆಯ ತರಗತಿಯವರು. ಅವರನ್ನು ಯಾರೂ ಹೊರಹಾಕುವುದಿಲ್ಲ, ತಂದೆಯನ್ನು ಕರೆಸಿ, "ನೀವೇ ಒಂದು ಅರ್ಜಿ ಬರೆದುಕೊಟ್ಟು ಟಿ.ಸಿ. ತಗೊಂಡು ಹೋಗಿ, ಹುಡುಗನಿಗೂ ಒಳ್ಳೆಯದು" ಎನ್ನುತ್ತಾರೆ. ಹೆಬ್ಬೆಟ್ಟು ಒತ್ತಿದ ಆ ಅರ್ಜಿಯ ವಿರುದ್ಧ ನಾನು ಯಾವ ನ್ಯಾಯಾಲಯದಲ್ಲಿ ವಾದಿಸಲಿ? ಹಾಗೆ ಹೋಗದೆ ಶಾಲೆಯಲ್ಲೇ ಉಳಿದುಕೊಂಡವನಿಗೂ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಶೇಕಡ 75ರಷ್ಟು ಹಾಜರಾತಿ ಬೇಕು. ವಿಚಾರಣೆ ಸಾಮಾನ್ಯವಾಗಿ ನಾಲ್ಕು ತಿಂಗಳಲ್ಲಿ ಮುಗಿಯಬೇಕೆಂದು ಬಾಲ ನ್ಯಾಯ ಕಾಯ್ದೆ ಹೇಳುತ್ತದೆ. ಒಂದು ಶೈಕ್ಷಣಿಕ ವರ್ಷ ಕೆಡಲು ಆ ನಾಲ್ಕು ತಿಂಗಳೇ ಸಾಕು.

ದ್ವಿಚಕ್ರ ವಾಹನದ ಬಗ್ಗೆ ಒಂದೇ ಮಾತು. ಬಸ್ಸಿಲ್ಲದ ಹಳ್ಳಿಯಿಂದ ಅಪ್ಪನ ಬೈಕನ್ನು ತಾನೇ ಓಡಿಸಿಕೊಂಡು ಬರುವ ಅಪ್ರಾಪ್ತ ಹುಡುಗ ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಬೈಯುವ ಮೊದಲು ಬಸ್ಸಿಗಾಗಿ ಎಸ್‌ಡಿಎಂಸಿಯಿಂದ ಒಂದು ಮನವಿ ಹೋಗಲಿ.

ಶಾಲೆಯೇ ಕಾನೂನು ಮುರಿದರೆ ಮಗು ಎಲ್ಲಿಗೆ ಹೋಗಬೇಕು? 2023ರ ಡಿಸೆಂಬರ್‌ನಲ್ಲಿ ನಮ್ಮದೇ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸಂಗತಿಯನ್ನು ಇಲ್ಲಿ ಕುಳಿತ ಯಾರೂ ಮರೆತಿರಲಾರಿರಿ. ಇಂಥ ಪ್ರಕರಣಗಳಲ್ಲಿ ಮಕ್ಕಳೇ ಸಾಕ್ಷಿಗಳಾಗಬೇಕಾಗುತ್ತದೆ. ವಸತಿ ಶಾಲೆಯ ಮಗು ತನಗೆ ಪಾಠ ಹೇಳುವವರ ವಿರುದ್ಧ ಹೇಳಿಕೆ ಕೊಟ್ಟು, ಸಂಜೆ ಅದೇ ಆವರಣಕ್ಕೆ ಮರಳಿ, ಅದೇ ಅಡುಗೆಮನೆಯ ಊಟಕ್ಕೆ ತಟ್ಟೆ ಹಿಡಿದು ನಿಲ್ಲಬೇಕು.

ಯಾವ ಮಗುವಿಗಾದರೂ, ಮನೆಯ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಪಡೆಯುವ ಹಕ್ಕಿದೆ. ತುರ್ತಿಗೆ ಮಕ್ಕಳ ಸಹಾಯವಾಣಿ 1098 ಇದೆ. ನಿಮ್ಮಿಂದ ನಾನು ಕೇಳುವುದು ಅದಕ್ಕಿಂತ ಚಿಕ್ಕದು. ವಾಯಿದೆಯ ಮರುದಿನ, "ನಿನ್ನೆ ಎಲ್ಲಿ ಹೋಗಿದ್ದೆ?" ಎಂದು ಇಡೀ ತರಗತಿಯ ಎದುರು ನಿಲ್ಲಿಸಿ ಕೇಳಬೇಡಿ, ಹಿಂದಿನ ದಿನದ ಗಣಿತದ ನೋಟ್ಸನ್ನು ಪಕ್ಕದವನಿಂದ ಕೊಡಿಸಿ, ಮುಂದಿನ ದಿನಾಂಕವನ್ನು ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ಕಿರುಪರೀಕ್ಷೆ ಇದ್ದರೆ ಅದನ್ನು ಒಂದು ದಿನ ಮುಂದಕ್ಕೆ ಹಾಕುವ ಅಧಿಕಾರ ನಿಮ್ಮ ಕೈಯಲ್ಲೇ ಇದೆ.