ಒಸ್ಟೋರಿಯಸ್ ಸ್ಕ್ಯಾಪುಲಾ: ರಾಜ ಸಿಕ್ಕಿದ, ಯುದ್ಧ ಮುಗೀಲಿಲ್ಲ

ಎಲ್ರಿಗೂ ನಮಸ್ಕಾರ. ಬ್ರಿಟನ್ನಲ್ಲಿ ರೋಮನ್ನರು ಅಂದ್ರೆ ನಮ್ಮಲ್ಲಿ ಸುಮಾರು ಜನಕ್ಕೆ ನೆನಪಾಗೋದು ಒಂದು ಜೂಲಿಯಸ್ ಸೀಸರ್, ಇನ್ನೊಂದು ಹೇಡ್ರಿಯನ್ ಗೋಡೆ. ಸೀಸರ್ ಬಂದಿದ್ದು ಕ್ರಿ.ಪೂ. 55 ಮತ್ತು 54ರಲ್ಲಿ, ಬಂದ, ಹೊಡೆದಾಡಿದ, ಕಪ್ಪ ಕೊಡ್ತೀವಿ ಅಂತ ಒಪ್ಪಿಸ್ಕೊಂಡು ವಾಪಸ್ ಹೋದ. ಗೋಡೆ ಶುರುವಾಗಿದ್ದು ಕ್ರಿ.ಶ. 122ರ ಹೊತ್ತಿಗೆ. ಆ ದ್ವೀಪನ ನಿಜವಾಗ್ಲೂ ಹಿಡ್ಕೊಂಡು ಪ್ರಾಂತ್ಯ ಅಂತ ಮಾಡೋ ಕೊಳಕು ಕೆಲಸ ನಡೆದಿದ್ದು ಇವೆರಡರ ಮಧ್ಯದಲ್ಲಿ, ಅದನ್ನ ಮಾಡಿದವರು ಒಬ್ಬರಾದ ಮೇಲೆ ಒಬ್ಬರು ಬಂದ ಗವರ್ನರ್‌ಗಳು. ಅವರಲ್ಲಿ ಎರಡನೆಯವನು ಪಬ್ಲಿಯಸ್ ಒಸ್ಟೋರಿಯಸ್ ಸ್ಕ್ಯಾಪುಲಾ, ಇವತ್ತು ನಾನು ಮಾತಾಡೋದು ಅವನ ಬಗ್ಗೆ. ನನ್ನ ಪ್ರಕಾರ ಈ ಮನುಷ್ಯ ಕಾಳಗ ಗೆಲ್ಲೋದ್ರಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ, ಆದ್ರೆ ಯಾರ ಜೊತೆ ಜಗಳ ಮಾಡ್ಬೇಕು ಯಾರ ಜೊತೆ ಮಾಡ್ಬಾರ್ದು ಅನ್ನೋ ಲೆಕ್ಕದಲ್ಲಿ ಎಡವಿದ.

ಮೊದಲು ಹಿನ್ನೆಲೆ, ಬೇಗ ಹೇಳಿ ಮುಗಿಸ್ತೀನಿ. ಕ್ರಿ.ಶ. 43ರಲ್ಲಿ ಕ್ಲಾಡಿಯಸ್ ಚಕ್ರವರ್ತಿ ನಾಲ್ಕು ಲೀಜನ್ (ಒಂದೊಂದೂ ಸುಮಾರು ಐದು ಸಾವಿರ ರೋಮನ್ ಪ್ರಜೆಗಳ ಸೈನ್ಯ) ಕಳಿಸ್ದ, ಸೇನಾಪತಿ ಔಲಸ್ ಪ್ಲಾಟಿಯಸ್. ಕ್ಲಾಡಿಯಸ್‌ಗೆ ಯುದ್ಧದ ಹೆಸರಿರಲಿಲ್ಲ, ಅರಮನೆ ಕಾವಲು ಪಡೆಯವರು ಹಿಡ್ಕೊಂಡು ಬಂದು ಪಟ್ಟಕ್ಕೆ ಕೂರಿಸಿದ ಮನುಷ್ಯ, ಅವನಿಗೆ ಒಂದು ದೊಡ್ಡ ಗೆಲುವು ಬೇಕಾಗಿತ್ತು. ತಾನೇ ಖುದ್ದಾಗಿ ಬಂದ, ಹದಿನಾರು ದಿನ ಇದ್ದ, ಈಗಿನ ಕಾಲ್ಚೆಸ್ಟರ್, ಅಂದ್ರೆ ಆಗಿನ ಕ್ಯಾಮುಲೊಡುನಮ್, ಅದನ್ನ ವಶ ಮಾಡ್ಕೊಂಡು ಹೊರಟೋದ. ಪ್ಲಾಟಿಯಸ್ ಮೊದಲ ಗವರ್ನರ್ ಆಗಿ 47ರವರೆಗೆ ಉಳ್ಕೊಂಡು ದಕ್ಷಿಣ, ಪೂರ್ವ ಭಾಗನೆಲ್ಲ ಒಂದು ಹಂತಕ್ಕೆ ತಂದ.

ಗವರ್ನರ್ ಅಂದ್ರೆ ನಮ್ಮ ರಾಜಭವನದ ಗವರ್ನರ್ ಅಂದ್ಕೋಬೇಡಿ. ಬ್ರಿಟನ್ನಂಥ ಕಡೆಗೆ ಬರೋನು ಕಾನ್ಸಲ್ ಅನ್ನೋ ರೋಮಿನ ಅತಿ ದೊಡ್ಡ ಅಧಿಕಾರಿ ಹುದ್ದೆ ಮುಗಿಸಿದವನೇ ಆಗಿರ್ಬೇಕು, ಅವನ ಕೈಲಿ ನಾಲ್ಕೂ ಲೀಜನ್, ಅದರ ಜೊತೆ ಹೆಚ್ಚುಕಮ್ಮಿ ಅಷ್ಟೇ ಸಂಖ್ಯೆಯ ಸಹಾಯಕ ಪಡೆ (ರೋಮನ್ ಪೌರತ್ವ ಇಲ್ಲದವರದ್ದು), ಮೇಲಿಂದ ಕೋರ್ಟ್ ಕೆಲಸ, ಸ್ಥಳೀಯ ರಾಜರ ಜೊತೆ ಮಾತುಕತೆ, ರಸ್ತೆ, ಕೋಟೆ ಎಲ್ಲಾ. ದುಡ್ಡು ಮಾತ್ರ ಅವನ ಕೈಲಿಲ್ಲ! ಟ್ಯಾಕ್ಸ್ ವಸೂಲಿಗೆ ಪ್ರೊಕ್ಯುರೇಟರ್ ಅಂತ ಬೇರೆ ಆಫೀಸರ್, ಅವನು ಉತ್ತರ ಕೊಡೋದು ನೇರ ಚಕ್ರವರ್ತಿಗೆ. ಸೈನ್ಯ ಒಬ್ಬನ ಕೈಲಿ, ಖಜಾನೆ ಇನ್ನೊಬ್ಬನ ಕೈಲಿ, ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರ್ಲಿ ಅನ್ನೋ ಏರ್ಪಾಡು ಇದು.

ಇನ್ನು ಸ್ಕ್ಯಾಪುಲಾ. ನಮಗೆ ಅವನ ಕಥೆ ಸಿಗೋದು ಬಹುತೇಕ ಟ್ಯಾಸಿಟಸ್ ಅನ್ನೋ ರೋಮನ್ ಇತಿಹಾಸಕಾರನಿಂದ, ಅವನು ಬರೆದಿದ್ದು ಇದೆಲ್ಲ ಆಗಿ ಅರವತ್ತು ಎಪ್ಪತ್ತು ವರ್ಷ ಆದ್ಮೇಲೆ, ಆದ್ರೆ ಅವನ ಮಾವ ಅಗ್ರಿಕೋಲಾ ಸ್ವತಃ ಬ್ರಿಟನ್ನಿನ ಗವರ್ನರ್ ಆಗಿದ್ದವನು, ಹಾಗಾಗಿ ಅಲ್ಲಿನ ಸುದ್ದಿ ಮನೆಯಲ್ಲೇ ಸಿಗ್ತಿತ್ತು ಅಂದ್ಕೋಬಹುದು. ಸ್ಕ್ಯಾಪುಲಾ ಚಾರ್ಜ್ ತಗೊಂಡಿದ್ದು ಚಳಿಗಾಲ ಶುರುವಾದ್ಮೇಲೆ. ಹೊಸ ಗವರ್ನರ್, ಸೈನ್ಯದ ಪರಿಚಯ ಇಲ್ಲ, ಚಳಿ ಬೇರೆ, ಇವನೇನು ಮಾಡ್ತಾನೆ ಅಂತ ಹೊರಗಿನ ಬುಡಕಟ್ಟುಗಳು ರೋಮಿನ ಮಿತ್ರರ ಊರುಗಳಿಗೆ ನುಗ್ಗಿ ಲೂಟಿ ಶುರು ಮಾಡಿದ್ವು. ಇವನು ವಸಂತ ಬರ್ಲಿ ಅಂತ ಕಾಯ್ಲಿಲ್ಲ, ಹಗುರ ಪಡೆಗಳನ್ನ ಮಾತ್ರ ಕಟ್ಕೊಂಡು ನುಗ್ಗಿದ, ಎದುರು ನಿಂತವರನ್ನ ಕಡಿದ, ಓಡಿದವರು ಮತ್ತೆ ಗುಂಪು ಸೇರದ ಹಾಗೆ ಬೆನ್ನಟ್ಟಿದ. ಇಲ್ಲೀವರೆಗೆ ಯಾರೂ ತಪ್ಪು ಹೇಳೋ ಹಾಗಿಲ್ಲ.

ಆಮೇಲೆ ಮಾಡಿದ್ದು ನೋಡಿ. ಟ್ರೆಂಟ್ ಮತ್ತು ಸೆವರ್ನ್ ನದಿಗಳಿಂದ ಈಚೆ, ಅಂದ್ರೆ ರೋಮನ್ನರ ಕೈಲಿದ್ದ ದಕ್ಷಿಣ, ಪೂರ್ವದ ಕಡೆ ಇರೋ ಎಲ್ಲರ ಹತ್ರ ಆಯುಧ ಕಿತ್ಕೊಳ್ಳೋಕೆ ಹೊರಟ. ಮುಂದಕ್ಕೆ ಹೋದಾಗ ಬೆನ್ನ ಹಿಂದೆ ಯಾರೂ ಕತ್ತಿ ಎತ್ತಬಾರದು, ಅಷ್ಟೇ ಅವನ ಲೆಕ್ಕ. ಮಿಲಿಟರಿ ತಲೆಗೆ ಇದು ಸರಿ ಅನ್ಸುತ್ತೆ. ಆದ್ರೆ ಈ 'ಎಲ್ಲರ'ಲ್ಲಿ ಐಸೀನಿ ಅನ್ನೋ ಬುಡಕಟ್ಟೂ ಬಂತು, ಈಗಿನ ನಾರ್ಫಕ್ ಕಡೆಯವರು, ಇವರು ಯುದ್ಧದಲ್ಲಿ ಸೋತು ಶರಣಾದವರಲ್ಲ, ತಾವಾಗೇ ಬಂದು ರೋಮಿನ ಜೊತೆ ಸ್ನೇಹ ಮಾಡ್ಕೊಂಡವರು. ಸ್ನೇಹಿತನ ಮನೆಗೆ ಹೋಗಿ ಕತ್ತಿ ಎಲ್ಲಿಟ್ಟಿದೀಯ ತೋರ್ಸು ಅಂದ್ರೆ ಯಾರು ಸುಮ್ನಿರ್ತಾರೆ? ಮೊದಲು ತಿರುಗಿಬಿದ್ದಿದ್ದೇ ಅವರು, ಅಕ್ಕಪಕ್ಕದವರೂ ಸೇರ್ಕೊಂಡ್ರು. ಮಣ್ಣಿನ ದಿಬ್ಬ ಸುತ್ತ ಇದ್ದು ಒಳಗೆ ಹೋಗೋಕೆ ಕಿರಿದಾದ ದಾರಿ ಮಾತ್ರ ಇರೋ ಜಾಗ ಆರಿಸ್ಕೊಂಡ್ರು, ಕುದುರೆ ಒಳಗೆ ಬರಬಾರದು ಅಂತ. ಸ್ಕ್ಯಾಪುಲಾ ಹತ್ರ ಆಗ ಲೀಜನ್ ಇರಲಿಲ್ಲ, ಸಹಾಯಕ ಪಡೆ ಮಾತ್ರ. ಕುದುರೆ ಸವಾರರನ್ನೂ ಕೆಳಗಿಳಿಸಿ ಕಾಲಾಳು ಮಾಡಿ ದಿಬ್ಬ ಹತ್ತಿಸಿದ, ಒಳಗಿದ್ದವರು ತಮ್ಮ ಕೋಟೆಯೊಳಗೇ ಸಿಕ್ಕಿಹಾಕ್ಕೊಂಡ್ರು. ಅವನ ಮಗ ಮಾರ್ಕಸ್ ಅದೇ ಕಾಳಗದಲ್ಲಿ ಒಬ್ಬ ರೋಮನ್ ಪ್ರಜೆಯ ಜೀವ ಉಳಿಸಿದ್ದಕ್ಕೆ ಓಕ್ ಎಲೆಯ ಕಿರೀಟ ಗಳಿಸ್ದ. (ಅದೇ ಮಗನನ್ನ 66ರಲ್ಲಿ ನೀರೋ ಆತ್ಮಹತ್ಯೆ ಮಾಡ್ಕೊಳ್ಳೋ ಹಾಗೆ ಮಾಡ್ದ, ಯಾವನೋ ಒಬ್ಬ ಚಾಡಿ ಹೇಳಿದ್ದಕ್ಕೆ. ಅದು ಬೇರೆ ಕಥೆ.)

ಗೆದ್ದ, ಸರಿ. ಆದ್ರೆ ಈ ಐಸೀನಿಗಳು ಯಾರು ಅಂತ ನೆನಪಿಟ್ಕೊಳ್ಳಿ, 60-61ರಲ್ಲಿ ಬೌಡಿಕಾ ರಾಣಿಯ ಹಿಂದೆ ನಿಂತು ಲಂಡನ್ನಿಗೂ ಕಾಲ್ಚೆಸ್ಟರಿಗೂ ಬೆಂಕಿ ಇಟ್ಟವರು ಇವರೇ. ಆ ದಂಗೆಗೆ ತಕ್ಷಣದ ಕಾರಣಗಳು ಬೇರೆ ಇದ್ವು, ಸಾಲದ ವಸೂಲಿ, ರಾಣಿಗೆ ಮತ್ತೆ ಅವಳ ಹೆಣ್ಮಕ್ಕಳಿಗೆ ಆದ ಅವಮಾನ, ಎಲ್ಲಾ. ಆದ್ರೂ ಮನಸ್ಸು ಮುರಿಯೋದು ಶುರುವಾಗಿದ್ದು ಸ್ಕ್ಯಾಪುಲಾ ಆಯುಧ ಕೇಳಿದ ದಿನಾನೇ ಅಂತ ನಾನಂತೂ ನಂಬ್ತೀನಿ.

ಅಲ್ಲಿಂದ ಅವನು ಪಶ್ಚಿಮಕ್ಕೆ ಹೋದ, ವೇಲ್ಸಿನ ಈಶಾನ್ಯ ಮೂಲೆಯ ಡೆಸಿಯಾಂಗ್ಲಿ ಜನರ ನೆಲ ಹಾಳುಮಾಡಿದ, ಐರ್ಲೆಂಡ್ ಕಡೆಯ ಸಮುದ್ರದ ಹತ್ತಿರದವರೆಗೂ ಬಂದಿದ್ದ, ಅಷ್ಟರಲ್ಲಿ ಉತ್ತರದ ಬ್ರಿಗಾಂಟೀಸ್‌ಗಳಲ್ಲಿ ಒಳಜಗಳ ಅಂತ ಸುದ್ದಿ ಬಂದು ವಾಪಸ್ ತಿರುಗಬೇಕಾಯ್ತು. ಅದು ತಣ್ಣಗಾಯ್ತು. ತಣ್ಣಗಾಗದೇ ಇದ್ದಿದ್ದು ದಕ್ಷಿಣ ವೇಲ್ಸಿನ ಸಿಲುರೀಸ್ ಬುಡಕಟ್ಟು.

ಇವರನ್ನ ಅದುಮಿಡೋಕೆ ಅಲ್ಲೇ ಹತ್ರ ಒಂದು ಲೀಜನ್ ಬೇಕಾಯ್ತು. ಕ್ಯಾಮುಲೊಡುನಮ್‌ನಲ್ಲಿದ್ದ ಇಪ್ಪತ್ತನೇ ಲೀಜನ್ನನ್ನ ಪಶ್ಚಿಮಕ್ಕೆ ಸಾಗಿಸಿ, ಅದು ಖಾಲಿ ಮಾಡಿದ ಜಾಗದಲ್ಲಿ 49ರಲ್ಲಿ ರಿಟೈರ್ ಆದ ಸೈನಿಕರಿಗೆ ಜಮೀನು ಕೊಟ್ಟು ಕಾಲೊನಿ ಮಾಡಿದ್ರು. ದಂಗೆ ಎದ್ರೆ ಇವರೇ ತಡೀತಾರೆ, ಸ್ಥಳೀಯರಿಗೆ ಕಾನೂನು ಅಂದ್ರೇನು ಅಂತಾನೂ ಕಲಿಸ್ತಾರೆ ಅನ್ನೋದು ಉದ್ದೇಶ. ಕಲಿಸಿದ್ದೇನಪ್ಪಾ ಅಂದ್ರೆ ಅಲ್ಲಿಯವರನ್ನ ಮನೆ ಹೊಲಗಳಿಂದ ಹೊರಗಟ್ಟೋದು.

ಆ ಸೈನ್ಯದಲ್ಲಿ ಇದ್ದವರು ಯಾರು ಅಂತ ನೋಡ್ಬೇಕಾದ್ರೆ ಕಾಲ್ಚೆಸ್ಟರ್ ಮ್ಯೂಸಿಯಮ್ಮಲ್ಲಿ ಒಂದು ಸಮಾಧಿ ಕಲ್ಲಿದೆ, 1928ರಲ್ಲಿ ಸಿಕ್ಕಿದ್ದು. ಹೆಸರು ಲಾಂಜಿನಸ್, ಊರು ಸಾರ್ಡಿಕಾ ಸೀಮೆ, ಅಂದ್ರೆ ಈಗಿನ ಬಲ್ಗೇರಿಯಾದ ಸೋಫಿಯಾ ಕಡೆ, ಥ್ರೇಸಿಯನ್ ಕುದುರೆ ಪಡೆಯಲ್ಲಿ ಡಬಲ್ ಸಂಬಳದ ಸವಾರ, ವಯಸ್ಸು 40, ಸರ್ವೀಸ್ 15 ವರ್ಷ. ಕಲ್ಲಿನ ಮೇಲೆ ಕುದುರೆ ಮೇಲಿರೋ ಲಾಂಜಿನಸ್, ಕುದುರೆ ಕಾಲ ಕೆಳಗೆ ಬೆತ್ತಲೆ ಮುದುಡಿಕೊಂಡು ಬಿದ್ದಿರೋ ಶತ್ರು. ಮುಖ ಒಡೆದುಹೋಗಿತ್ತು, ಬೌಡಿಕಾ ಜನ ಸಿಟ್ಟಿಗೆ ಒಡೆದ್ರು ಅಂತ ಎಷ್ಟೋ ವರ್ಷ ಹೇಳ್ತಾ ಬಂದ್ರು, 1996ರಲ್ಲಿ ಅದೇ ಜಾಗದಲ್ಲಿ ಮುಖದ ತುಂಡು ಸಿಕ್ತು, ಆ ಕಥೆ ಸ್ವಲ್ಪ ಸಡಿಲ ಆಯ್ತು. ನನಗೆ ಮುಖ್ಯ ಅನ್ಸೋದು ಬೇರೆ: ಸಹಾಯಕ ಪಡೆಯಲ್ಲಿ 25 ವರ್ಷ ದುಡಿದ್ರೆ ರೋಮನ್ ಪೌರತ್ವ. ಇವನ ಸರ್ವೀಸ್ ನಿಂತಿದ್ದು 15ಕ್ಕೆ. ಸ್ಕ್ಯಾಪುಲಾ ಗೆದ್ದಿದ್ದೆಲ್ಲ ಇಂಥ ಜನರ ಬೆನ್ನ ಮೇಲೆ, ತಾವೇ ಇನ್ನೂ ಪೂರ್ತಿ ರೋಮನ್ನರಾಗದವರು.

ಸಿಲುರೀಸ್‌ಗಳ ಜೊತೆ ಇದ್ದವನು ಕ್ಯಾರಟಕಸ್, ಕ್ಯಾಮುಲೊಡುನಮ್‌ನಿಂದ ಆಳಿದ ಕುನೊಬೆಲಿನಸ್ ರಾಜನ ಮಗ. ರಾಜ್ಯ ಹೋಗಿ ವರ್ಷಗಳಾಗಿದ್ವು, ಬೇರೆಯವರ ನೆಲದಲ್ಲಿ ನಿಂತು ಯುದ್ಧ ನಡೆಸ್ತಿದ್ದ. ಯುದ್ಧನ ಮಧ್ಯ ವೇಲ್ಸಿನ ಆರ್ಡೊವೀಸೀಸ್ ಜನರ ಬೆಟ್ಟಗಳಿಗೆ ಎಳ್ಕೊಂಡು ಹೋದ, 51ರ ಹೊತ್ತಿಗೆ ಅಲ್ಲೇ ಕೊನೆ ಕಾಳಗ. ಮುಂದೆ ನದಿ, ಹಿಂದೆ ಕಡಿದಾದ ಗುಡ್ಡ, ಹತ್ತೋಕೆ ಆಗೋ ಕಡೆಯೆಲ್ಲ ಕಲ್ಲು ಪೇರಿಸಿದ ಗೋಡೆ. ಆ ಗುಡ್ಡ ಯಾವುದು ಅಂತ ಈಗಲೂ ಮೂರ್ನಾಲ್ಕು ಊರಿನವರು ನಮ್ಮದೇ ನಮ್ಮದೇ ಅಂತಾರೆ. ಜಾಗ ನೋಡಿ ಸ್ಕ್ಯಾಪುಲಾಗೇ ದಿಗಿಲಾಯ್ತಂತೆ, ಆದ್ರೆ ಸೈನಿಕರು ಬಿಡ್ಲಿಲ್ಲ, ನಡೀರಿ ಅಂತ ಕೂಗಿದ್ರು. ನದಿ ದಾಟೋದು ಸಲೀಸಾಯ್ತು. ಗೋಡೆ ಹತ್ರ ಬಂದಾಗ ಮೇಲಿಂದ ಈಟಿ, ಕಲ್ಲು ಬಿದ್ದು ರೋಮನ್ನರಿಗೇ ಹೆಚ್ಚು ಪೆಟ್ಟು. ಆಗ ಗುರಾಣಿಗಳನ್ನ ತಲೆ ಮೇಲೆ ಒಂದಕ್ಕೊಂದು ಜೋಡಿಸಿ ಆಮೆ ಚಿಪ್ಪಿನ ಹಾಗೆ ಮಾಡ್ಕೊಂಡು ಬುಡಕ್ಕೆ ಹೋಗಿ ಕಲ್ಲು ಕಿತ್ತು ಹಾಕಿದ್ರು. ಎದೆಕವಚ ಇಲ್ಲ, ಶಿರಸ್ತ್ರಾಣ ಇಲ್ಲ, ಕೈಕೈ ಮಿಲಾಯಿಸೋ ಹಂತಕ್ಕೆ ಬಂದ್ಮೇಲೆ ಬ್ರಿಟನ್ನರಿಗೆ ಉಳಿಗಾಲ ಇರಲಿಲ್ಲ.

ಕ್ಯಾರಟಕಸ್‌ನ ಹೆಂಡ್ತಿ, ಮಗಳು ಸಿಕ್ಕಿಬಿದ್ರು, ಸೋದರರು ಶರಣಾದ್ರು. ಅವನು ತಪ್ಪಿಸ್ಕೊಂಡು ಬ್ರಿಗಾಂಟೀಸ್ ರಾಣಿ ಕಾರ್ಟಿಮಾಂಡುವಾ ಹತ್ರ ಆಸರೆ ಕೇಳ್ಕೊಂಡು ಹೋದ, ಅವಳು ಕೈಗೆ ಬೇಡಿ ಹಾಕಿಸಿ ರೋಮನ್ನರಿಗೆ ಒಪ್ಪಿಸಿದ್ಲು. ರೋಮಿನಲ್ಲಿ ಇವನನ್ನ ನೋಡೋಕೆ ಜನಜಾತ್ರೆ. ಅಲ್ಲಿ ಅವನು ಆಡಿದ ದೊಡ್ಡ ಭಾಷಣ ಅಂತ ಟ್ಯಾಸಿಟಸ್ ಬರೀತಾನೆ, ಅದರಲ್ಲಿ ಎಷ್ಟು ಕ್ಯಾರಟಕಸ್‌ನದು ಎಷ್ಟು ಟ್ಯಾಸಿಟಸ್‌ದು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ. ಕ್ಲಾಡಿಯಸ್ ಕ್ಷಮಿಸಿ ಬಿಟ್ಟ. ಸ್ಕ್ಯಾಪುಲಾಗೆ ವಿಜಯೋತ್ಸವದ ಗೌರವಚಿಹ್ನೆಗಳು ಸಿಕ್ವು, ಸೆನೆಟ್ಟಲ್ಲಿ ಹೊಗಳಿದ್ದೇ ಹೊಗಳಿದ್ದು.

ಇಲ್ಲಿಗೆ ಕಥೆ ಮುಗೀಬೇಕಿತ್ತು, ಆದ್ರೆ ನಿಜವಾದ ಯುದ್ಧ ಆಮೇಲೇ. ಯಾಕಂದ್ರೆ ಕ್ಯಾರಟಕಸ್ ಸಿಲುರೀಸ್‌ಗಳ ಜೊತೆ ಇದ್ದನೇ ಹೊರತು ಅವರ ಮನೆಯವನಲ್ಲ, ಅವನು ಹೋದ್ರೆ ಅವರು ಕುಸೀತಾರೆ ಅನ್ನೋ ರೋಮಿನ ಲೆಕ್ಕ ತಪ್ಪಾಯ್ತು. ಅವರ ನೆಲದಲ್ಲಿ ಕೋಟೆ ಕಟ್ಟೋಕೆ ಬಿಟ್ಟಿದ್ದ ಪಡೆಯನ್ನ ಸುತ್ತುವರಿದು ಕ್ಯಾಂಪ್ ಪ್ರಿಫೆಕ್ಟ್ (ಲೀಜನ್ನಿನ ಶಿಬಿರ ನೋಡ್ಕೊಳ್ಳೋ ಹಿರಿಯ ಅಧಿಕಾರಿ), ಎಂಟು ಸೆಂಚುರಿಯನ್‌ಗಳು (ನೂರರ ಆಸುಪಾಸಿನ ಸೈನಿಕರ ನಾಯಕರು) ಮತ್ತೆ ಒಳ್ಳೊಳ್ಳೆ ಸೈನಿಕರನ್ನ ಕೊಂದ್ರು, ಹತ್ತಿರದ ಕೋಟೆಗಳಿಂದ ನೆರವು ಬರದೇ ಇದ್ದಿದ್ರೆ ಒಬ್ರೂ ಉಳೀತಿರಲಿಲ್ಲ. ಸ್ವಲ್ಪ ದಿನಕ್ಕೆ ಮೇವು ತರೋಕೆ ಹೋದವರಿಗೆ ಹೊಡೆದ್ರು, ಅವರ ಸಹಾಯಕ್ಕೆ ಹೋದ ಕುದುರೆ ಪಡೆಗೂ ಹೊಡೆದ್ರು. ಆಮೇಲೆ ಕಾಡಲ್ಲಿ, ಜೌಗಲ್ಲಿ ದಿನ ಬೆಳಗಾದ್ರೆ ಚಿಕ್ಕ ಚಿಕ್ಕ ಚಕಮಕಿ. ತಮ್ಮ ದಳಪತಿಗಳಾದ ಪ್ರಿಫೆಕ್ಟ್‌ಗಳ ದುರಾಸೆಯಿಂದ ಲೂಟಿಗೆ ಹೋಗಿದ್ದ ಎರಡು ಸಹಾಯಕ ಪಡೆಗಳನ್ನೇ ಹಿಡಿದು, ಸಿಕ್ಕ ಮಾಲು, ಸೆರೆಯಾಳುಗಳನ್ನ ಬೇರೆ ಬುಡಕಟ್ಟುಗಳಿಗೂ ಹಂಚಿ ಅವರನ್ನೂ ತಮ್ಮ ಕಡೆ ಎಳೆಯೋಕೆ ಶುರು ಮಾಡಿದ್ರು.

ಇಷ್ಟು ಹಠ ಯಾಕೆ? ಸ್ಕ್ಯಾಪುಲಾ ಆಡಿದ ಮಾತೊಂದು ಅವರ ಕಿವಿಗೆ ಬಿದ್ದಿತ್ತಂತೆ: ಹಿಂದೆ ಜರ್ಮನಿಯ ಸುಗಾಂಬ್ರಿ ಜನರನ್ನ ಕೊಂದು, ಉಳಿದವರನ್ನ ಗಾಲ್‌ಗೆ, ಅಂದ್ರೆ ಈಗಿನ ಫ್ರಾನ್ಸ್ ಸುತ್ತಮುತ್ತಲಿನ ಸೀಮೆಗೆ ಸಾಗಿಸಿ ಮುಗಿಸಿದ ಹಾಗೆ ಸಿಲುರೀಸ್ ಅನ್ನೋ ಹೆಸರನ್ನೇ ಅಳಿಸಿಹಾಕ್ಬೇಕು ಅಂತ. ಶರಣಾದ್ರೂ ಸಾವು, ಹೊಡೆದಾಡಿದ್ರೂ ಸಾವು ಅಂತ ಗೊತ್ತಾದ ಮೇಲೆ ಶರಣಾಗೋನು ಯಾರು? ಕ್ಯಾರಟಕಸ್‌ಗೆ ಕ್ಷಮೆ ಕೊಟ್ಟ ಸಾಮ್ರಾಜ್ಯದ ಗವರ್ನರ್ ಇವರಿಗೆ ಬಾಗಿಲೇ ಮುಚ್ಚಿಬಿಟ್ಟಿದ್ದ.

52ರಲ್ಲಿ ಸ್ಕ್ಯಾಪುಲಾ ತೀರ್ಕೊಂಡ. ಗಾಯದಿಂದಲ್ಲ, ಚಿಂತೆಯಿಂದ ಬಸವಳಿದು ಸತ್ತ ಅಂತಾನೆ ಟ್ಯಾಸಿಟಸ್. ಕಾಳಗದಲ್ಲಿ ಅಲ್ದಿದ್ರೂ ಯುದ್ಧವೇ ಇಂಥ ಸೇನಾಪತಿನ ತಿಂದುಹಾಕ್ತು ಅಂತ ಸಿಲುರೀಸ್‌ಗಳು ಕುಣಿದ್ರಂತೆ. ಮುಂದಿನ ಗವರ್ನರ್ ಡಿಡಿಯಸ್ ಗ್ಯಾಲಸ್ ಬಂದು ಇಳಿಯೋದ್ರೊಳಗೆ ಒಂದು ಲೀಜನ್ನನ್ನೂ ಸೋಲಿಸಿ ಆಗಿತ್ತು. ಅವರು ಬಗ್ಗಿದ್ದು 70ರ ದಶಕದಲ್ಲಿ, ಫ್ರಾಂಟಿನಸ್ ಗವರ್ನರ್ ಆಗಿದ್ದಾಗ. ಆಮೇಲೆ ಅವರಿಗೆ ಅಂತಾನೇ ಒಂದು ಊರು ಕಟ್ಟಿದ್ರು, ಅದು ಈಗಿನ ಕೇರ್‌ವೆಂಟ್, ಅಲ್ಲಿನ ಚರ್ಚಲ್ಲಿ ಮೂರನೇ ಶತಮಾನದ ಮೊದಲ ಭಾಗದ ಒಂದು ಲ್ಯಾಟಿನ್ ಶಾಸನ ಇದೆ, ಪಾಲಿನಸ್ ಅನ್ನೋ ರೋಮನ್ ಅಧಿಕಾರಿಯ ಗೌರವಕ್ಕೆ ಹಾಕಿಸಿದ್ದು. ಹಾಕಿಸಿದವರು ಯಾರು ಅಂತಾನೂ ಅದರಲ್ಲೇ ಬರೆದಿದೆ: ಸಿಲುರೀಸ್ ಸಮುದಾಯ, ತಮ್ಮ ಕೌನ್ಸಿಲ್ಲಿನ ತೀರ್ಮಾನದಂತೆ.

ನಾನು ಹೇಳ್ಬೇಕಾಗಿದ್ದು ಇಷ್ಟು. ಪ್ರಶ್ನೆ ಇದ್ರೆ ಕೇಳಿ, ಬೌಡಿಕಾ ಬಗ್ಗೆ ಕೇಳೋರು ಇದ್ದೇ ಇರ್ತೀರ, ಅವರು ಮೊದಲು ಕೈ ಎತ್ತಿ.