ಬೆಂಗಳೂರಿನಿಂದ ಪಣಜಿಗೆ ಸೈಕಲ್ ದಾರಿ: ಮೊದಲು ರೈಲ್ವೆ ನಕ್ಷೆ ನೋಡಿ

ನಮಸ್ಕಾರ. ಬೆಂಗಳೂರಿನಿಂದ ಪಣಜಿಗೆ ಸೈಕಲ್‌ನಲ್ಲಿ ಹೋಗಬೇಕು, ಯಾವ ದಾರಿ ಹಿಡಿಯಲಿ ಅಂತ ಯಾರನ್ನೇ ಕೇಳಿ, ಬಹಳ ಜನ ಹೇಳುವುದು ಒಂದೇ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಧಾರವಾಡ. ಆಮೇಲೆ ಅನಮೋಡ ಘಾಟಿ ಇಳಿದರೆ ಗೋವಾ. ಆರುನೂರು ಕಿಲೋಮೀಟರ್ ಒಳಗೇ ಮುಗಿಯುತ್ತದೆ, ರಸ್ತೆಯೂ ಚೆನ್ನಾಗಿದೆ. ಮೊಬೈಲ್ ಕೂಡ ಅದನ್ನೇ ತೋರಿಸುತ್ತದೆ.

ನಾನು ಆ ದಾರಿ ಬೇಡ ಅಂತೀನಿ. ಲಾರಿಗಳ ಭಯ ಒಂದು ಕಾರಣ, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ತುಮಕೂರು ದಾಟಿ ಶಿರಾ, ಹಿರಿಯೂರು ಮೇಲೆ ಚಿತ್ರದುರ್ಗ ಮುಟ್ಟುವವರೆಗೆ ಆ ಹೆದ್ದಾರಿ ಪಕ್ಕ ಓಡುವ ರೈಲಿಲ್ಲ. ಆ ಬಿಸಿಲಲ್ಲಿ ಮಂಡಿ ನೋವು ಶುರುವಾಯಿತು ಅಂದುಕೊಳ್ಳಿ. ಏನು ಮಾಡುತ್ತೀರಿ? ಬಸ್ಸಿನವರನ್ನು ಬೇಡಬೇಕು, ಇಲ್ಲವೇ ನೋವು ನುಂಗಿಕೊಂಡು ತುಳಿಯಬೇಕು. ನೋವು ನುಂಗಿ ತುಳಿಯುವುದನ್ನು ನಾವು ಸಾಹಸ ಅಂತ ಹೊಗಳುತ್ತೇವೆ, ಅದು ನನಗೆ ಒಪ್ಪಿಗೆಯಿಲ್ಲ. ಬೇಕೆಂದಾಗ ನಿಲ್ಲಿಸಿ ಮನೆಗೆ ವಾಪಸ್ ಬರಲು ಆಗಬೇಕು. ಅಂಥದ್ದೇ ಒಳ್ಳೆ ದಾರಿ.

ಅದಕ್ಕೇ ಹೇಳುತ್ತೇನೆ, ರಸ್ತೆ ನಕ್ಷೆಗಿಂತ ಮೊದಲು ರೈಲ್ವೆ ನಕ್ಷೆ ತೆಗೆಯಿರಿ. ಬೆಂಗಳೂರಿನಿಂದ ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ತಾಳಗುಪ್ಪ. ಎಲ್ಲ ಊರಲ್ಲೂ ಸ್ಟೇಷನ್ ಇದೆ. ತಾಳಗುಪ್ಪದಲ್ಲಿ ಹಳಿ ಮುಗಿಯುತ್ತದೆ. ಘಟ್ಟ ಇಳಿದು ಹೊನ್ನಾವರ ಮುಟ್ಟಿದರೆ ಕೊಂಕಣ ರೈಲು. ಕುಮಟಾ, ಗೋಕರ್ಣ ರೋಡ್, ಅಂಕೋಲಾ, ಕಾರವಾರ, ಕಾಣಕೋಣ, ಮಡಗಾಂವ್. ಹೆಚ್ಚುಕಡಿಮೆ 650 ಕಿಲೋಮೀಟರ್ ಆಗಬಹುದು, ನೇರ ದಾರಿಗಿಂತ ಜಾಸ್ತಿಯೇ. ಆದರೆ ಇಷ್ಟುದ್ದ ದಾರಿಯಲ್ಲಿ ರೈಲಿನ ಆಸರೆ ತಪ್ಪುವುದು ತಾಳಗುಪ್ಪದಿಂದ ಹೊನ್ನಾವರದವರೆಗೆ ಮಾತ್ರ, ಸುಮಾರು 75 ಕಿಲೋಮೀಟರ್. ತಲೆ ಕೆಡಿಸಿಕೊಂಡು ಪ್ಲಾನ್ ಮಾಡಬೇಕಾದ್ದು ಆ ಒಂದು ತುಂಡಿಗೆ.

ಇದು ಹಳೆಯ ಬೆಂಗಳೂರು–ಹೊನ್ನಾವರ ರಸ್ತೆ. ತಿಪಟೂರಾಗಲಿ ಶಿವಮೊಗ್ಗವಾಗಲಿ, ಪೇಟೆಯೊಳಗೆ ಇವತ್ತಿಗೂ ಬಿ.ಎಚ್. ರಸ್ತೆ ಅಂತಲೇ ಕರೆಯುತ್ತಾರೆ.

ಬೆಂಗಳೂರು ಬಿಡುವುದೇ ಮೊದಲ ಕಷ್ಟ. ನೆಲಮಂಗಲ, ದಾಬಸ್‌ಪೇಟೆ ಕಡೆ ಹೋಗಬೇಡಿ. ಸೇತುವೆ ಮೇಲೆ ಹೋಗಲೋ ಪಕ್ಕದ ಸರ್ವಿಸ್ ರಸ್ತೆಗೆ ಇಳಿಯಲೋ ಅಂತ ಪ್ರತಿ ಸಲ ಯೋಚಿಸಬೇಕು. ಹಿಂದಿನಿಂದ ಬರುವ ಲಾರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಮಾಗಡಿ ರಸ್ತೆ ಹಿಡಿಯಿರಿ. ಮಾಗಡಿ, ಕುಣಿಗಲ್, ತುರುವೇಕೆರೆ, ತಿಪಟೂರು. ಏರಿಳಿತ ಜಾಸ್ತಿ, ಆದರೆ ಮರದ ನೆರಳು ಸಿಗುತ್ತದೆ, ಊರೂರಿಗೆ ಚಹಾದಂಗಡಿ ಇದೆ. ಕುಣಿಗಲ್‌ನಲ್ಲೂ ಸ್ಟೇಷನ್ ಇದೆ, ಅದು ಹಾಸನ ಲೈನು.

ಕೆಲವರು ಮೈಸೂರು ಕಡೆಯಿಂದ ಸುತ್ತಿಕೊಂಡು ಹೋಗೋಣ ಅಂತ ಯೋಚಿಸುತ್ತಾರೆ. ಆ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್ ಯಾವುದನ್ನೂ ಬಿಡುವುದಿಲ್ಲ. ಸರ್ವಿಸ್ ರಸ್ತೆಯೇ ಗತಿ. ಹೊಸ ಹೆದ್ದಾರಿ ಯಾವುದೇ ಇರಲಿ, ಸೈಕಲ್‌ಗೆ ಅನುಮತಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ತಿಪಟೂರಿನಿಂದ ಮುಂದೆ ತೆಂಗಿನ ಸೀಮೆ. ಎಳನೀರಿಗೆ ಬರವಿಲ್ಲ. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ, ಶಿವಮೊಗ್ಗ 570ರ ಆಸುಪಾಸು. ಹಾಗಾಗಿ ಒಟ್ಟು ಲೆಕ್ಕದಲ್ಲಿ ಇಳಿಜಾರೇ. ಡಿಸೆಂಬರ್‌ನಲ್ಲಿ ಬಯಲುಸೀಮೆಯ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ, ಬೆನ್ನಿಗೆ ಸಿಗುತ್ತದೆ. ಪಣಜಿಯಿಂದ ಬೆಂಗಳೂರಿಗೆ ಬರುವ ಬದಲು ಇಲ್ಲಿಂದ ಅಲ್ಲಿಗೆ ಹೋಗಿ ಅನ್ನುವುದಕ್ಕೆ ಇದೇ ಕಾರಣ. ರಸ್ತೆ ಅಗಲ ಮಾಡುವ ಕೆಲಸದಿಂದ ಅಲ್ಲಲ್ಲಿ ಧೂಳು, ಜಲ್ಲಿ ಇರುತ್ತದೆ. ಟಯರ್ ಸ್ವಲ್ಪ ದಪ್ಪ ಇದ್ದರೆ ಒಳ್ಳೆಯದು.

ಈಗ ಆ 75 ಕಿಲೋಮೀಟರ್. ಹಿಂದಿನ ರಾತ್ರಿ ಸಾಗರದಲ್ಲೋ ಜೋಗದಲ್ಲೋ ಉಳಿಯಿರಿ. ಸಂಜೆ ಹೊತ್ತು ಘಟ್ಟ ಇಳಿಯುವ ಯೋಚನೆ ಬೇಡವೇ ಬೇಡ. ಮಾವಿನಗುಂಡಿ ದಾಟಿದ ಮೇಲೆ ಮಲೆಮನೆ ಘಾಟಿ ಶುರು. ಗೇರುಸೊಪ್ಪೆ ಮುಟ್ಟುವವರೆಗೂ ಇಳಿಯುತ್ತಲೇ ಇರಬೇಕು. ಎರಡೂ ಕಡೆ ಶರಾವತಿ ಕಣಿವೆಯ ಕಾಡು. ಸಿಂಗಳೀಕಗಳಿರುವ ಕಾಡು ಅದು. ಅಂಗಡಿ ಕಡಿಮೆ, ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ.

ಇಳಿಜಾರು ಅಂದ ತಕ್ಷಣ ಆರಾಮ ಅಂದುಕೊಳ್ಳಬೇಡಿ. ಬ್ಯಾಗ್ ತುಂಬಿದ ಸೈಕಲ್‌ಗೆ ಉದ್ದಕ್ಕೂ ಬ್ರೇಕ್ ಹಿಡಿದೇ ಇದ್ದರೆ ರಿಮ್ ಎಷ್ಟು ಕಾಯುತ್ತದೆ ಅಂದರೆ, ನಿಂತು ಬೆರಳು ಇಟ್ಟು ನೋಡಿದರೆ ಗೊತ್ತಾಗುತ್ತದೆ, ಕೈ ಚುರ್ ಅನ್ನುತ್ತದೆ. ಆ ಶಾಖಕ್ಕೆ ಟ್ಯೂಬ್ ಒಡೆದ ಉದಾಹರಣೆಗಳಿವೆ. ಬ್ರೇಕ್ ಒತ್ತಿ ಬಿಡಿ, ಮತ್ತೆ ಒತ್ತಿ ಬಿಡಿ. ಹಿಂದು ಮುಂದು ಎರಡನ್ನೂ ಬಳಸಿ. ಅಗಲವಾದ ಜಾಗ ಸಿಕ್ಕಾಗಲೆಲ್ಲ ನಿಂತು ತಣಿಯಲು ಬಿಡಿ. ಬ್ರೇಕ್ ಶೂ ಶಿವಮೊಗ್ಗದಲ್ಲೇ ಹೊಸದು ಹಾಕಿಸಿ, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದರೆ ಅದಕ್ಕೆ ಇಡೀ ರಸ್ತೆ ಬೇಕು. ಹಾರ್ನ್ ಕೇಳಿದ ಕೂಡಲೇ ಎಡಕ್ಕೆ ಸರಿದು ನಿಂತುಬಿಡಿ.

ಮಳೆಗಾಲದಲ್ಲಿ ಈ ದಾರಿ ಹಿಡಿಯಲೇಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿ ಚಹಾದಂಗಡಿ ಇಟ್ಟುಕೊಂಡಿದ್ದ ಕುಟುಂಬವೇ ಹೋಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು, ಒಂದು ಲಾರಿ ನದಿಗೆ ಬಿತ್ತು. ಅಲ್ಲಿಂದಾಚೆ ಎರಡೂ ಕಡೆಯ ವಾಹನ ಒಂದೇ ಸೇತುವೆ ಮೇಲೆ ಓಡಾಡಬೇಕಾಯಿತು. ಇವನ್ನೆಲ್ಲ ನೋಡಿದ ಮೇಲೂ ಮಳೆಯಲ್ಲಿ ಕರಾವಳಿ ಚೆಂದ ಅಂತ ಜೂನ್‌ನಲ್ಲಿ ಹೊರಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿ, ಅಷ್ಟೇ.

ಕರಾವಳಿಗೆ ಇಳಿದ ಮೇಲೆ ಬೆಳಗ್ಗೆ ಬೇಗ ಹೊರಡಿ. ಮಧ್ಯಾಹ್ನ ಕಡಲ ಗಾಳಿ ಏಳುತ್ತದೆ, ಉತ್ತರಕ್ಕೆ ಹೋಗುವ ನಿಮಗೆ ಅದು ಎದುರುಗಾಳಿ. ಕುಮಟಾದಿಂದ ಹೆದ್ದಾರಿ ಬಿಟ್ಟು ಅಘನಾಶಿನಿ ಊರಿಗೆ ಹೋದರೆ ದೋಣಿಯಲ್ಲಿ ಸೈಕಲ್ ಹಾಕಿಕೊಂಡು ತದಡಿಗೆ ದಾಟಿಸುತ್ತಾರೆ. ಆಚೆ ದಡದಿಂದ ಗೋಕರ್ಣ ಹತ್ತಿರ. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ತಪ್ಪಿಸಬಾರದ ತುಂಡು ಇದು.

ಗೋವಾದಲ್ಲಿ ಕಾಣಕೋಣದ ನಂತರ ಹೆದ್ದಾರಿ ಕರ್ಮಲ ಘಾಟಿ ಹತ್ತುತ್ತದೆ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಅಗೋಂದ, ಬೇತುಲ್ ಕಡೆಯ ಕಡಲ ರಸ್ತೆ ಹಿಡಿಯಿರಿ. ಏರು ಕಡಿದಾಗಿದೆ, ಆದರೆ ಲಾರಿ ಕಾಟ ಇಲ್ಲ. ಮಡಗಾಂವ್‌ನಿಂದ ಪಣಜಿ ಬರೀ 35 ಕಿಲೋಮೀಟರ್, ಜುವಾರಿ ಸೇತುವೆ ದಾಟಿದರೆ ಬಂದಂತೆಯೇ.

ರೈಲು ಜೊತೆಗಿದೆ ಅಂದೆ. ಹತ್ತಿಸುವುದು ಸುಲಭ ಅಂತ ನಾನು ಹೇಳಿಲ್ಲ. ಪಾರ್ಸೆಲ್ ಆಫೀಸಿಗೆ ಮುಂಚೆಯೇ ಹೋಗಬೇಕು. ಹ್ಯಾಂಡಲ್‌ಗೆ ರಟ್ಟು ಕಟ್ಟಿ ಹೆಸರು, ಇಳಿಯುವ ಸ್ಟೇಷನ್ ದಪ್ಪಕ್ಷರದಲ್ಲಿ ಬರೆಯಬೇಕು. ಲೈಟು, ಪಂಪು, ಬಾಟಲಿ ಬಿಚ್ಚಿಕೊಳ್ಳಬೇಕು. ರೈಲು ಒಂದೆರಡು ನಿಮಿಷ ನಿಲ್ಲುವ ಸಣ್ಣ ಸ್ಟೇಷನ್‌ನಲ್ಲಿ ಲಗೇಜ್ ಬೋಗಿ ಬಾಗಿಲು ತೆರೆಯುವಷ್ಟರಲ್ಲಿ ಹಸಿರು ಬಾವುಟ ಬಂದಿರುತ್ತದೆ. ಅದಕ್ಕೇ ಅರಸೀಕೆರೆ, ಶಿವಮೊಗ್ಗ, ತಾಳಗುಪ್ಪ, ಕಾರವಾರ, ಮಡಗಾಂವ್ ಇಂಥ ಜಾಗಗಳಿಗೆ ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ ಅನ್ನುವುದು.

ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ಡ್ಯಾನ್ಯೂಬ್ ದಡದಲ್ಲಿ ಸೈಕಲ್ ತುಳಿಯುವವರು ಸುಸ್ತಾದರೆ ಸೈಕಲ್ ಸಮೇತ ರೈಲು ಹತ್ತುತ್ತಾರೆ. ಬೋಗಿಯಲ್ಲೇ ಜಾಗ ಇರುತ್ತದೆ. ನಮಗೆ ಪ್ರತ್ಯೇಕ ಸೈಕಲ್ ರಸ್ತೆ ಬೇಕು ಅಂತ ಕೇಳುವವರು ಬಹಳ ಇದ್ದಾರೆ, ಕೇಳಲಿ. ನನ್ನ ಬೇಡಿಕೆ ಸಣ್ಣದು. ತಾಳಗುಪ್ಪ ರೈಲಿನಲ್ಲಿ, ಕಾರವಾರದಿಂದ ಬೆಂಗಳೂರಿಗೆ ಬರುವ ರಾತ್ರಿ ರೈಲಿನಲ್ಲಿ ಒಂದೊಂದು ಬೋಗಿಯಲ್ಲಿ ನಾಲ್ಕು ಕೊಕ್ಕೆ ಹಾಕಿಸಿ, ಅದಕ್ಕೆ ಟಿಕೆಟ್ ಇಡಿ. ದುಡ್ಡು ಕೊಟ್ಟೇ ನೇತು ಹಾಕುತ್ತೇವೆ. ರೈಲ್ವೆಯವರಿಗೆ ಇದನ್ನು ಬರೆದು ಕಳಿಸುತ್ತಿದ್ದೇನೆ, ನೀವೂ ಬರೆಯಿರಿ. ಮೈಸೂರು ವಿಭಾಗಕ್ಕೆ ಒಂದು, ಕೊಂಕಣ ರೈಲ್ವೆಗೆ ಇನ್ನೊಂದು.